ನೊಯ್ಯಲ್ ನದಿಯ ನೊರೆ ಮತ್ತು ಉಪ್ಪು

ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕಾವೇರಿ ಸೇರುವ ನೊಯ್ಯಲ್ ನದಿ 2017ರಲ್ಲಿ ನೊರೆ ಹೊತ್ತು ಹರಿಯಿತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳತ್ತ ಜನ ಬೆರಳು ತೋರಿದರು. ಕೊಯಮತ್ತೂರಿನವರು ಬಳಸುವ ಸೋಪೇ ಕಾರಣ ಎಂದ ತಮಿಳುನಾಡಿನ ಅಂದಿನ ಪರಿಸರ ಸಚಿವ ಕೆ.ಸಿ. ಕರುಪ್ಪಣ್ಣನ್ ನಗೆಪಾಟಲಿಗೀಡಾದರು.

ನಕ್ಕು ಬಿಟ್ಟರೆ ಪ್ರಶ್ನೆ ಅಲ್ಲೇ ಉಳಿಯುತ್ತದೆ. ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವ ಮಾರ್ಜಕಗಳಿಂದ ನೊರೆ ಏಳುತ್ತದೆ. ಅವು ಮನೆಗಳ ಬಚ್ಚಲಿನಿಂದಲೂ ಬರುತ್ತವೆ, ಬಟ್ಟೆ ತೊಳೆದು ಬಣ್ಣ ಹಾಕುವ ಘಟಕಗಳಿಂದಲೂ ಬರುತ್ತವೆ. ನೊರೆಯನ್ನು ಕಣ್ಣಿನಿಂದ ನೋಡಿ ಮೂಲ ಹೇಳಲು ಬಾರದು. ನದಿ ಊರು ಹೊಗುವ ಮೊದಲು, ಊರು ದಾಟಿದ ಮೇಲೆ, ಘಟಕಗಳನ್ನು ದಾಟಿದ ಮೇಲೆ ಒಂದೇ ದಿನ ನೀರು ಹಿಡಿಯಬೇಕು. ಕೋಲಿಫಾರ್ಮ್ ಬ್ಯಾಕ್ಟೀರಿಯಾ ಹೆಚ್ಚಿದ್ದರೆ ಅದು ಮನೆಗಳ ಚರಂಡಿ ನೀರಿನತ್ತ ತೋರುತ್ತದೆ. ಉಪ್ಪಿನಂಶ ಒಮ್ಮೆಲೇ ಏರಿದ್ದರೆ ಬಣ್ಣದ ನೀರಿನತ್ತ. ಎರಡೂ ಏರಿರುವ ಸಾಧ್ಯತೆಯೂ ಇದೆ.

ಉಪ್ಪೇ ಈ ನದಿಯ ನಿಜವಾದ ಕಥೆ. ಹತ್ತಿಯ ಎಳೆಗೂ ಅದಕ್ಕೆ ಹಾಕುವ ರಿಯಾಕ್ಟಿವ್ ಬಣ್ಣಕ್ಕೂ ನೀರಿನಲ್ಲಿ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತವೆ. ಉಪ್ಪು ಬೆರೆಸಿದರೆ ಆ ದೂಡುವಿಕೆ ತಗ್ಗಿ ಬಣ್ಣ ಹಿಡಿಯುತ್ತದೆ. ಗಾಢ ಬಣ್ಣಕ್ಕೆ ಲೀಟರಿಗೆ 50 ಗ್ರಾಂ ಮೀರಿಯೂ ಉಪ್ಪು ಬೇಕಾಗುತ್ತದೆ. ಸುಣ್ಣ, ಫೆರಸ್ ಸಲ್ಫೇಟ್ ಹಾಕಿ ಸಂಸ್ಕರಿಸಿದಾಗ ಬಣ್ಣ ಹೋಗುತ್ತದೆ, ಕರಗಿದ ಉಪ್ಪು ಹೋಗುವುದಿಲ್ಲ. ತಿಳಿಯಾಗಿ ಕಂಡ ಆ ನೀರು ಹೊಲಕ್ಕೆ ಹರಿದರೆ ಬೇರು ತೇವ ಹೀರಲಾರದು, ಸೋಡಿಯಂನಿಂದ ಜೇಡಿಮಣ್ಣಿನ ಕಣಗಳು ಬಿಡಿಬಿಡಿಯಾಗಿ ನೀರು ಇಂಗದಂತಾಗುತ್ತದೆ. 1992ರಲ್ಲಿ ನೀರಾವರಿಗೆಂದೇ ಈ ನದಿಗೆ ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ಕಾರ್ಖಾನೆ ನೀರಿನ ತೊಟ್ಟಿಯಾಯಿತು.

ರೈತರ ನೊಯ್ಯಲ್ ಅಚ್ಚುಕಟ್ಟುದಾರರ ಸಂಘ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ವಾದಕ್ಕೆ ಗಟ್ಟಿ ನೆಲ ಕೊಟ್ಟದ್ದು ಕರಗಿದ ಲವಣಗಳ ಒಟ್ಟು ಅಳತೆ, ಟಿಡಿಎಸ್. ಹೊರಬಿಡುವ ನೀರಿಗೆ ಲೀಟರಿಗೆ 2100 ಮಿಲಿಗ್ರಾಂ ಮಿತಿಯಿದ್ದುದರಿಂದ ರೈತನೂ ಘಟಕದ ಮಾಲೀಕನೂ ಒಂದೇ ಮಾಪಕದ ಮುಂದೆ ನಿಲ್ಲಬಹುದಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಕೆಡಿಸಿದವರೇ ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. ನ್ಯಾಯಾಲಯದ ಆದೇಶ ಪಾಲನೆಯಾಗದ್ದರಿಂದ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು.

ಇಲ್ಲಿ ವಿಜ್ಞಾನ ಹೇಳುವವರು ಒಂದು ಮಾತು ಮರೆಮಾಚಬಾರದು: ಈ ಒಣನಾಡಿನ ಬಂಡೆ ನೆಲದ ಅಂತರ್ಜಲದಲ್ಲಿ ಸಹಜವಾಗಿಯೇ ಕೊಂಚ ಉಪ್ಪಿರುತ್ತದೆ. ಅದನ್ನು ಮೊದಲೇ ಒಪ್ಪಿಕೊಂಡು, ನದಿಯಿಂದ ದೂರದ ಬಾವಿ ಮತ್ತು ದಡದ ಬಾವಿಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಮಾಲೀಕರೂ ಕಿವಿಗೊಡುತ್ತಾರೆ. ರಿವರ್ಸ್ ಆಸ್ಮೋಸಿಸ್ ಮತ್ತು ನೀರನ್ನು ಆವಿಯಾಗಿಸುವ ಯಂತ್ರಗಳಿಂದ ಈಗ ನೀರನ್ನೂ ಉಪ್ಪನ್ನೂ ಬಹುಪಾಲು ಮರಳಿ ಪಡೆಯಬಹುದು. ಉಳಿಯುವ ಮಿಶ್ರ ಲವಣ ಮತ್ತು ಕೆಸರನ್ನು ಎಲ್ಲಿ ಸುರಿಯುತ್ತಾರೆ ಎಂಬುದನ್ನೂ ಜನರಿಗೆ ತಿಳಿಸಬೇಕಾಗುತ್ತದೆ.