ಮಗು ಮಾತಾಡುತ್ತಿಲ್ಲವೇ? ಕಾಯುತ್ತ ಕೂರಬೇಡಿ

ಪ್ರವಾದಿ ಮೂಸಾ(ಅ)ರವರು ತಮ್ಮ ನಾಲಗೆಯ ತೊಡಕನ್ನು ನಿವಾರಿಸೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿದ್ದನ್ನು ನೀವು ಕುರ್‌ಆನ್‌ನಲ್ಲಿ ಓದಿದ್ದೀರಿ. ಮಾತಿನ ತೊಡಕು ನಾಚಿಕೆಯ ವಿಷಯವಲ್ಲ. ಆದರೂ ಗಬ್ಬೂರಿನಂಥ ನಮ್ಮ ಊರುಗಳಲ್ಲಿ ಎರಡು ವರ್ಷ ದಾಟಿದ ಮಗು ಮಾತಾಡದಿದ್ದರೆ, "ಅವರಪ್ಪನೂ ತಡವಾಗಿಯೇ ಮಾತಾಡಿದ್ದ" ಎಂದು ಸುಮ್ಮನಾಗುತ್ತೇವೆ.

ಇಂಥ ತೊಡಕುಗಳ ಅಧ್ಯಯನದಲ್ಲೇ ದಶಕಗಳನ್ನು ಕಳೆದ ಕನ್ನಡ ನಾಡಿನ ಸಂಶೋಧಕಿ ಡಾ. ಪ್ರತಿಭಾ ಕಾರಂತ್. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅವರು ಪ್ರಾಧ್ಯಾಪಕಿಯಾಗಿದ್ದರು. ಕನ್ನಡದಲ್ಲಿ 'ಬಂದನು', 'ಬಂದಳು', 'ಬಂದವು' ಎಂದು ಕ್ರಿಯಾಪದದ ತುದಿಯೇ ಬಂದವರು ಯಾರೆಂದು ತಿಳಿಸುತ್ತದೆ. ಇಂಗ್ಲಿಷ್ ಪರೀಕ್ಷೆಯನ್ನು ಅನುವಾದಿಸಿದರೆ ಇದು ಸಿಕ್ಕುವುದಿಲ್ಲ. ಹಾಗಾಗಿ 1980ರಲ್ಲಿ ಅವರು ರೂಪಿಸಿದ ಕನ್ನಡದ ಭಾಷಾ ಪರೀಕ್ಷೆ ಮಹತ್ವದ್ದು. 2000ದಲ್ಲಿ ಬೆಂಗಳೂರಿನಲ್ಲಿ 'ಕಾಂ ಡೀಲ್' ಕಾರ್ಯಕ್ರಮ ಆರಂಭಿಸಿ, ಆಟಿಸಂ ಮುಂತಾದ ತೊಂದರೆಯಿರುವ ಪುಟ್ಟ ಮಕ್ಕಳಿಗೆ ಶಾಲೆಗೆ ಸೇರುವ ಮೊದಲೇ ತರಬೇತಿ ಕೊಡಿಸಿದರು. ಹೆತ್ತವರನ್ನೂ ಅದರಲ್ಲಿ ಸೇರಿಸಿಕೊಂಡರು.

ಇದರಲ್ಲಿ ನಮಗೂ ಪಾಠವಿದೆ. ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ. ಕಿವಿಗೆ ಬೀಳದ ಮಾತು ನಾಲಗೆಗೆ ಬರುವುದು ಕಷ್ಟ. ರಾಯಚೂರಿನ ರಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ ಎಂಬ ಕಾರಣಕ್ಕೆ ಮಗುವಿನ ಮಾತು ಕೆಡುವುದಿಲ್ಲ, ಮನೆಮಾತನ್ನು ಬಿಡಿಸಬೇಡಿ. ದಿನವೂ ಮಗುವಿನ ಮುಖ ನೋಡಿ ಮಾತಾಡಿಸಿ.

ದುಆ ಮಾಡೋಣ. ಜೊತೆಗೆ, ಚಿಕಿತ್ಸೆ ಪಡೆಯಿರೆಂಬ ಪ್ರವಾದಿ(ಸ)ರವರ ಬೋಧನೆಯನ್ನೂ ಪಾಲಿಸೋಣ. ತಾಯಿತ ಕಟ್ಟಿಸಿ ಕಾಯುವ ಒಂದೊಂದು ವರ್ಷವೂ ಮಗುವಿನ ಕಲಿಕೆಯ ವರ್ಷವೇ ಅಲ್ಲವೇ?