ಕುಗ್ಗಿದರೂ ಕಳೆಯದ ಸಿನಿಮಾ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು 1934ರಲ್ಲಿ. ಇವತ್ತು ನೋಡೋಣವೆಂದರೆ ಅದರ ಒಂದು ಪ್ರತಿಯೂ ಸಿಗುವುದಿಲ್ಲ. 1977ರ 'ಘಟಶ್ರಾದ್ಧ'ದ ಅದೃಷ್ಟ ಚೆನ್ನಾಗಿತ್ತು. ಅದರ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಹಾಗಾಗಿ ಅದು 4ಕೆ ಗುಣಮಟ್ಟದಲ್ಲಿ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆಯ ಮೇಲೆ ಮೂಡಿತು. ಆದರೆ ಯಾವುದೇ ಹಳೆಯ ಚಿತ್ರದ ರೀಲು ಕೈಗೆ ಸಿಕ್ಕರೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಸ್ಕ್ಯಾನ್ ಮಾಡಿದ ಮೇಲೆ ಹುಟ್ಟುವ ಫೈಲುಗಳ ರಾಶಿಯನ್ನು ಕಾಪಾಡುವುದು ಇನ್ನೊಂದು ತಲೆನೋವು.

ರಾಶಿ ಎಂದರೆ ಎಷ್ಟು? ಸಿನಿಮಾ ಸ್ಕ್ಯಾನರ್ ಪ್ರತಿ ಫ್ರೇಮನ್ನೂ ಬೇರೆ ಬೇರೆ ಫೈಲಾಗಿ ಬರೆಯುತ್ತದೆ. ಇದಕ್ಕೆ ಹೆಚ್ಚಾಗಿ ಬಳಸುವ ನಮೂನೆ ಡಿಪಿಎಕ್ಸ್. ಕೊಡಾಕ್ ಕಂಪನಿಯ ಸಿನಿಯಾನ್ ನಮೂನೆಯಿಂದ ಬೆಳೆದ ಇದು 1994ರಲ್ಲಿ ಅಮೆರಿಕದಲ್ಲಿ ಅಧಿಕೃತ ಮಾನಕವಾಯಿತು. 2ಕೆ ಸ್ಕ್ಯಾನಿನಲ್ಲಿ ಒಂದು ಫ್ರೇಮಿಗೆ ಅಡ್ಡಕ್ಕೆ 2048, ಎತ್ತರಕ್ಕೆ 1556 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿಗೆ ತಲಾ 10 ಬಿಟ್, ಒಟ್ಟು 30. ಕಂಪ್ಯೂಟರಿಗೆ 32 ಬಿಟ್‌ಗಳ ಕಟ್ಟು ಸಲೀಸು. ಆದ್ದರಿಂದ ಕೊನೆಗೆ ಎರಡು ಖಾಲಿ ಬಿಟ್ ತುಂಬುತ್ತಾರೆ. ಹೀಗೆ ಪಿಕ್ಸೆಲ್‌ಗೆ 4 ಬೈಟ್, ಫ್ರೇಮಿಗೆ ಸುಮಾರು 12.7 ಮೆಗಾಬೈಟ್. ಸೆಕೆಂಡಿಗೆ 24 ಫ್ರೇಮಿನಂತೆ ಒಂದೂವರೆ ಗಂಟೆಯ ಚಿತ್ರಕ್ಕೆ 1,29,600 ಫೈಲುಗಳು, ಒಟ್ಟು 1.65 ಟೆರಾಬೈಟ್. 4ಕೆ ಆದರೆ ಅದರ ನಾಲ್ಕರಷ್ಟು, ಅಂದರೆ 6.6 ಟೆರಾಬೈಟ್. ಒಂದೇ ಪ್ರತಿ ಇಟ್ಟುಕೊಂಡು ಯಾವ ಸಂಗ್ರಹಾಲಯವೂ ನೆಮ್ಮದಿಯಾಗಿ ಇರುವಂತಿಲ್ಲ. ಎರಡು ಪ್ರತಿ ಎಂದ ಕೂಡಲೇ ಲೆಕ್ಕ ದುಪ್ಪಟ್ಟು.

ಕುಗ್ಗಿಸಬಾರದೇಕೆ? ಈ ಮಾತಿಗೆ ಸಂಗ್ರಹಾಲಯದವರು ಬೆಚ್ಚುವುದು ಸಹಜ. ವಾಟ್ಸ್ಆ್ಯಪ್‌ನಲ್ಲಿ ಬಂದ ಮದುವೆ ಫೋಟೊವನ್ನು ದೊಡ್ಡದು ಮಾಡಿ ನೋಡಿದವರಿಗೆ ಕಾರಣ ಗೊತ್ತು: ಸೀರೆಯ ಜರಿ ಕಲಸಿಹೋಗಿರುತ್ತದೆ. ಅಲ್ಲಿ ಬಳಕೆಯಾಗುವ ಜೆಪೆಗ್ ತಂತ್ರ, ಕಣ್ಣಿಗೆ ಬೀಳದು ಎಂದುಕೊಂಡ ಮಾಹಿತಿಯನ್ನು ಎಸೆದುಬಿಡುತ್ತದೆ. ಎಸೆದದ್ದು ಮತ್ತೆ ಬಾರದು. ಏನನ್ನೂ ಎಸೆಯದೆ ಕುಗ್ಗಿಸುವ ದಾರಿಯೂ ಇದೆ. ಸಿನಿಮಾ ಸಂಗ್ರಹಾಲಯಗಳಲ್ಲಿ ಈಗ ಜಾಗ ಮಾಡಿಕೊಳ್ಳುತ್ತಿರುವ ಎಫ್ಎಫ್‌ವಿ1 ಅಂಥದ್ದು.

ಹಳೆಯ ಲೆಕ್ಕದ ಪುಸ್ತಕದಲ್ಲಿ ಶಾನುಭೋಗರು ಮೇಲಿನ ಸಾಲಿನ ವಿವರವನ್ನೇ ಮತ್ತೆ ಬರೆಯದೆ 'ಸದರಿ' ಎಂದು ಮುಗಿಸುತ್ತಿದ್ದರಲ್ಲ, ಎಫ್ಎಫ್‌ವಿ1ರ ಜಾಣ್ಮೆಯೂ ಅದೇ ಜಾತಿಯದು. ಒಂದು ಪಿಕ್ಸೆಲ್‌ನ ಬೆಲೆಯನ್ನು ಬರೆಯುವ ಮೊದಲು ಅದು ಮೂರು ನೆರೆಯವರನ್ನು ನೋಡುತ್ತದೆ: ಎಡಗಡೆಯ ಪಿಕ್ಸೆಲ್, ಮೇಲಿನದು, ಎಡ ಮೇಲ್ಮೂಲೆಯದು. ಎಡದ್ದು 512, ಮೇಲಿನದು 516, ಮೂಲೆಯದು 514 ಎನ್ನಿ. ಎಡ ಮತ್ತು ಮೇಲಿನದನ್ನು ಕೂಡಿಸಿ ಮೂಲೆಯದನ್ನು ಕಳೆದರೆ 514. ಈಗ 512, 516, 514 ಈ ಮೂರರಲ್ಲಿ ನಡುವಿನದು 514. ಅದೇ ಊಹೆ. ನಿಜವಾದ ಬೆಲೆ 515 ಆಗಿದ್ದರೆ ಫೈಲಿನಲ್ಲಿ ಬರೆಯಬೇಕಾದದ್ದು 1 ಮಾತ್ರ. ಆಕಾಶ, ಗೋಡೆ, ಮುಖದ ಮೇಲಿನ ನಯವಾದ ಬೆಳಕು, ಇಂಥ ಕಡೆ ಊಹೆ ಬಹುತೇಕ ಗುರಿ ಮುಟ್ಟುತ್ತದೆ. ಸಣ್ಣ ಅಂಕಿಗಳೇ ಹೆಚ್ಚಾಗುತ್ತವೆ, ಅವಕ್ಕೆ ಕಡಿಮೆ ಬಿಟ್ ಸಾಕು. ಬಿಚ್ಚುವಾಗ ಕಂಪ್ಯೂಟರ್ ಅದೇ ಊಹೆ ಮಾಡಿ ಅದೇ 1 ಕೂಡಿಸಿದರೆ 515 ಹಾಗೇ ಬರುತ್ತದೆ.

ಊಹೆಗೆ ಸಿಗದಿರುವುದು ಫಿಲ್ಮಿನ ಗ್ರೇನ್, ಆ ಬೆಳ್ಳಿಯ ಕಣಗಳ ಗದ್ದಲ. ಅದಕ್ಕೆ ಕ್ರಮವೂ ಇಲ್ಲ, ನಿಯಮವೂ ಇಲ್ಲ. ಹಾಗಾಗಿ ಕತ್ತಲಲ್ಲಿ ಚಿತ್ರೀಕರಿಸಿದ ಒರಟು ಗ್ರೇನಿನ ರೀಲು ಹೆಚ್ಚು ಕುಗ್ಗದು. ಕಪ್ಪು ಹಿನ್ನೆಲೆಯಲ್ಲಿ ಹೆಸರುಗಳು ಓಡುವ ಫ್ರೇಮು ಚೆನ್ನಾಗಿ ಕುಗ್ಗುತ್ತದೆ. ಸಾಮಾನ್ಯ ಚಿತ್ರದಲ್ಲಿ ಮೂಲ ಗಾತ್ರದ ಅರ್ಧದಿಂದ ಮೂರನೇ ಎರಡರಷ್ಟು ಉಳಿಯುತ್ತದೆ. ಜೆಪೆಗ್‌ನಂತೆ ಹತ್ತರಲ್ಲೊಂದು ಆಗುವುದಿಲ್ಲ. ಗ್ರೇನನ್ನು ಬಿಡದೆ ಹೊತ್ತುಕೊಂಡು ಬರುವುದಕ್ಕೆ ತೆರುವ ಬೆಲೆ ಅದು.

ಚಿತ್ರ ಕುಗ್ಗಿತು. ಆದರೆ ಡಿಪಿಎಕ್ಸ್ ಫೈಲಿನಲ್ಲಿ ಚಿತ್ರವಷ್ಟೇ ಇರುವುದಿಲ್ಲ. ಪ್ರತಿ ಫೈಲಿನ ತಲೆಯಲ್ಲಿ ಅದರ ಹೆಸರು, ದಿನಾಂಕ, ಫ್ರೇಮ್ ಸಂಖ್ಯೆಯಂಥ ವಿವರಗಳಿರುತ್ತವೆ. ಮೊದಲ ನಾಲ್ಕು ಅಕ್ಷರಗಳು ಎಸ್, ಡಿ, ಪಿ, ಎಕ್ಸ್. ಅವು ತಿರುಗುಮುರುಗಾಗಿ ಎಕ್ಸ್, ಪಿ, ಡಿ, ಎಸ್ ಎಂದಿದ್ದರೆ, ಫೈಲಿನ ಪ್ರತಿ ಸಂಖ್ಯೆಯ ಬೈಟುಗಳನ್ನು ಹಿಂದುಮುಂದಾಗಿ ಓದಬೇಕೆಂದು ಅರ್ಥ. ರಾಕುಕ್ಡ್ ಎಂಬ ಮುಕ್ತ ತಂತ್ರಾಂಶ ಇಲ್ಲಿ ನೆರವಿಗೆ ಬರುತ್ತದೆ. ಚಿತ್ರವನ್ನು ಎಫ್ಎಫ್‌ವಿ1 ಆಗಿಸಿ, ಮಾಟ್ರೊಸ್ಕಾ ಎಂಬ ಒಂದೇ ಫೈಲಿನೊಳಗೆ ಧ್ವನಿಯ ಜತೆ ಕೂರಿಸುತ್ತದೆ. ಸಾವಿರಾರು ಫೈಲುಗಳ ತಲೆಬರಹವನ್ನೂ ಲಗತ್ತಾಗಿ ಸೇರಿಸುತ್ತದೆ. ಪ್ರತಿ ಪಿಕ್ಸೆಲ್‌ನ ಕೊನೆಗೆ ತುಂಬಿದ ಆ ಎರಡು ಖಾಲಿ ಬಿಟ್‌ಗಳು ಸಾಮಾನ್ಯವಾಗಿ ಸೊನ್ನೆ. ಕೆಲವು ಸ್ಕ್ಯಾನರುಗಳು ಅಲ್ಲಿ ಕಸ ಬಿಟ್ಟಿರುತ್ತವೆ. ಬೇಕೆಂದರೆ ಆ ಕಸವನ್ನೂ ಹುಡುಕಿ ಜೋಪಾನ ಮಾಡಬಹುದು.

ಕಸ ಯಾಕೆ ಬೇಕು? ಪರೀಕ್ಷೆಗಾಗಿ. ಮಾಟ್ರೊಸ್ಕಾ ಫೈಲನ್ನು ಬಿಚ್ಚಿ ಮತ್ತೆ ಡಿಪಿಎಕ್ಸ್ ಮಾಡಿದಾಗ ಪ್ರತಿ ಫೈಲಿನ ಬಿಟ್‌ಗಳಿಂದ ಲೆಕ್ಕಹಾಕುವ ಎಂಡಿ5 ಎಂಬ ತಪಾಸಣೆಯ ಸಂಖ್ಯೆ ಮೂಲದ್ದಕ್ಕೆ ತಾಳೆಯಾಗಬೇಕು. ಒಂದು ಬಿಟ್ ಬದಲಾದರೂ ಈ 32 ಅಕ್ಷರಗಳ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಆಗ ವ್ಯತ್ಯಾಸ ಕಸದ್ದೋ ಚಿತ್ರದ್ದೋ ಎಂಬ ಜಗಳವೇ ಬೇಡ. 1,29,600ಕ್ಕೆ 1,29,600ವೂ ತಾಳೆಯಾದ ಮೇಲೆ ಮೂಲ ಫೈಲುಗಳನ್ನು ಅಳಿಸುವ ಧೈರ್ಯ ಬರುತ್ತದೆ.

ಕುಗ್ಗಿಸಿದ್ದಕ್ಕೆ ಇನ್ನೊಂದು ಲಾಭವಿದೆ, ಮೇಲ್ನೋಟಕ್ಕೆ ಹೊಳೆಯದ್ದು. ವರ್ಷಗಟ್ಟಲೆ ಟೇಪಿನಲ್ಲೋ ಡಿಸ್ಕಿನಲ್ಲೋ ಕುಳಿತ ಫೈಲಿನಲ್ಲಿ ಒಂದು ಬಿಟ್ ಕೆಟ್ಟಿತು ಎನ್ನಿ. ಡಿಪಿಎಕ್ಸ್‌ನಲ್ಲಾದರೆ ಒಂದು ಪಿಕ್ಸೆಲ್ ಬಣ್ಣಗೆಡುತ್ತದೆ, ನಷ್ಟ ಚಿಕ್ಕದು. ಆದರೆ ಎಂಡಿ5 ಪಟ್ಟಿಯನ್ನು ಬೇರೆಡೆ ಇಟ್ಟು ಆಗಾಗ ಹೋಲಿಸದಿದ್ದರೆ ಅದು ಯಾರಿಗೂ ಗೊತ್ತೇ ಆಗುವುದಿಲ್ಲ. ಎಫ್ಎಫ್‌ವಿ1ರ ಮೂರನೇ ಆವೃತ್ತಿ ಪ್ರತಿ ಫ್ರೇಮನ್ನು 4, 16, 24 ಹೀಗೆ ತುಂಡು ಮಾಡಿ, ಒಂದೊಂದು ತುಂಡಿಗೂ ತಪಾಸಣೆಯ ಸಂಖ್ಯೆ ಅಂಟಿಸುತ್ತದೆ. ಬಿಟ್ ಕೆಟ್ಟರೆ ಆ ತುಂಡೇ ಹಾಳಾಗಬಹುದು, ನಷ್ಟ ಕಣ್ಣಿಗೆ ರಾಚುತ್ತದೆ. ಆದರೆ ಯಾವ ಫ್ರೇಮಿನ ಯಾವ ತುಂಡು ಎಂದು ತಂತ್ರಾಂಶ ತಾನೇ ಹೇಳುತ್ತದೆ. ಎರಡನೇ ಪ್ರತಿಯಿಂದ ಸರಿಪಡಿಸಬಹುದು. ಸಂಗ್ರಹಾಲಯಕ್ಕೆ ಗೊತ್ತಾಗುವ ದೊಡ್ಡ ಹಾನಿಗಿಂತ ಗೊತ್ತಾಗದ ಚಿಕ್ಕ ಹಾನಿಯೇ ಹೆಚ್ಚು ಅಪಾಯ. ಗೊತ್ತಾಗದ್ದು ಮುಂದಿನ ಪ್ರತಿಗಳಿಗೆಲ್ಲ ಹರಡುತ್ತದೆ.

ನಮೂನೆಯ ಆಯಸ್ಸೂ ಮುಖ್ಯ. ಒಂದು ಕಂಪನಿಯ ಗುಟ್ಟಾದ ಸೂತ್ರದಲ್ಲಿ ಕಟ್ಟಿಟ್ಟರೆ ಕಂಪನಿ ಮುಳುಗಿದ ದಿನ ಚಿತ್ರವೂ ಮುಳುಗುತ್ತದೆ. ಎಫ್ಎಫ್‌ವಿ1 ಹುಟ್ಟಿದ್ದು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ಯೋಜನೆಯಲ್ಲಿ. ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಅದರ ಪೂರ್ಣ ವಿವರಣೆಯನ್ನು 2021ರಲ್ಲಿ, ಮಾಟ್ರೊಸ್ಕಾದ್ದನ್ನು 2024ರಲ್ಲಿ ಪ್ರಕಟಿಸಿತು. ಇಂದಿನ ತಂತ್ರಾಂಶಗಳೆಲ್ಲ ಮಾಯವಾದರೂ ಆ ವಿವರಣೆ ಓದಿ ಇನ್ನೊಬ್ಬರು ಹೊಸದು ಬರೆಯಬಲ್ಲರು.

ಇಷ್ಟಾದರೂ ಮೂಲ ನೆಗೆಟಿವನ್ನು ಎಸೆಯುವಂತಿಲ್ಲ. 2ಕೆ ಸ್ಕ್ಯಾನ್ ಮುಗಿಸಿದವರು 4ಕೆ ಬಂದಾಗ ಮತ್ತೆ ನೆಗೆಟಿವ್ ಇದ್ದಲ್ಲಿಗೇ ಹೋಗಬೇಕಾಯಿತು. ಫೈಲನ್ನು ಎಷ್ಟೇ ನಷ್ಟವಿಲ್ಲದೆ ಕುಗ್ಗಿಸಿದರೂ ಅದರಲ್ಲಿರುವುದು ಸ್ಕ್ಯಾನರ್ ಕಂಡಷ್ಟೇ. ಸ್ಕ್ಯಾನರ್ ಕಾಣದೆ ಬಿಟ್ಟದ್ದು ಇನ್ನೂ ರೀಲಿನಲ್ಲೇ ಇದೆ.