ಬಾಲದ ಗಾಲಿ ಕಲಿಸುವ ಪಾಠ

ಹಳೆಯ ವಿಮಾನಗಳಲ್ಲಿ ಆಸಕ್ತಿಯುಳ್ಳ ನಾಲ್ವರು ಒಂದೆಡೆ ಕಲೆತರೆ ಅವರ ಮಾತು ಆಕಾಶದಲ್ಲಿ ತೊಡಗಿ ಬೇಗನೆ ನೆಲಕ್ಕಿಳಿಯುವುದು. ಹಾರುವುದಕ್ಕಿಂತ, ಇಳಿದ ಮೇಲೆ ನೇರವಾಗಿ ಓಡಿಸಿ ನಿಲ್ಲಿಸುವುದೇ ಕಠಿನವೆಂಬುದು ಅವರ ಮಾತಿನ ಸಾರ. ಇದು ಬರಿಯ ಬಡಾಯಿಯಲ್ಲ; ಇದರಲ್ಲಿ ಭೌತವಿಜ್ಞಾನದ ಒಂದು ಸರಳ ನಿಯಮವಡಗಿದೆ.

ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-೨ ವಿಮಾನವು ೧೯೫೧ರ ಆಗಸ್ಟಿನಲ್ಲಿ ಮೊದಲ ಬಾರಿ ಹಾರಿತು. ಒಬ್ಬರ ಹಿಂದೊಬ್ಬರಂತೆ ಗುರು ಶಿಷ್ಯರಿಬ್ಬರು ಕುಳಿತುಕೊಳ್ಳುವ ಈ ವಿಮಾನದಲ್ಲಿ ವಾಯುಪಡೆಯ ಅನೇಕ ತರುಣರು ಹಾರಾಟವನ್ನು ಕಲಿತರು. ಇದಕ್ಕೆ ರೆಕ್ಕೆಗಳ ಕೆಳಗೆ ಎರಡು ದೊಡ್ಡ ಗಾಲಿಗಳು, ಬಾಲದಡಿಯಲ್ಲೊಂದು ಸಣ್ಣ ಗಾಲಿ. ಮೂತಿ ಮೇಲಕ್ಕೆತ್ತಿ ನಿಲ್ಲುವುದರಿಂದ ಇಂತಹ ವಿಮಾನಗಳ ಪ್ರೊಪೆಲರ್ ನೆಲಕ್ಕೆ ತಾಗುವ ಭಯ ಕಡಮೆ. ಹುಲ್ಲಿನ ಒರಟು ಬಯಲಿಗೆ ಈ ಏರ್ಪಾಡು ತಕ್ಕುದಾಗಿತ್ತು.

ಆದರೆ ಇಲ್ಲಿ ಗುರುತ್ವಕೇಂದ್ರವು ದೊಡ್ಡ ಗಾಲಿಗಳಿಗಿಂತ ಹಿಂದಿರುತ್ತದೆ. ಇಳಿಯುವಾಗ ವಿಮಾನ ತುಸು ಓರೆಯಾಯಿತೆನ್ನಿ. ನೆಲವು ಗಾಲಿಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಹಿಂದಿರುವ ಭಾರವು ಜಡತ್ವದಿಂದ ಮೊದಲಿನ ದಿಕ್ಕಿನಲ್ಲೇ ಸಾಗಬಯಸುತ್ತದೆ. ಇವೆರಡೂ ಸೇರಿ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಚಾಲಕನು ತಡಮಾಡಿದರೆ ವಿಮಾನ ಗಿರ್ರನೆ ತಿರುಗಿ ರೆಕ್ಕೆಯ ತುದಿ ನೆಲಕ್ಕೆ ಬಡಿಯಬಹುದು. ಮೂತಿಗೆ ಗಾಲಿಯುಳ್ಳ ಇಂದಿನ ವಿಮಾನಗಳಲ್ಲಿ ಗುರುತ್ವಕೇಂದ್ರವು ಮುಖ್ಯ ಗಾಲಿಗಳ ಮುಂದಿರುವುದರಿಂದ ಅದೇ ಬಲವು ಓರೆಯನ್ನು ತಿದ್ದುತ್ತದೆ.

ಸುಗ್ಗಿಯಲ್ಲಿ ಮುಧೋಳ, ಜಮಖಂಡಿಗಳ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡಿದವರಿಗೆ ಇದಕ್ಕೆ ಹೋಲುವ ಅನುಭವವುಂಟು. ಮುಂದೆ ಸಾಗುವಾಗ ಟ್ರೇಲರು ತಾನಾಗಿ ನೇರವಾಗಿ ಹಿಂಬಾಲಿಸುತ್ತದೆ. ಹಿಂದಕ್ಕೆ ತಳ್ಳುವಾಗ ಕ್ಷಣಕ್ಷಣವೂ ತಿದ್ದದಿದ್ದರೆ ಅಡ್ಡ ತಿರುಗುತ್ತದೆ. ಕಾರಣಗಳು ಬೇರೆಯಾದರೂ ಸ್ವಭಾವವೊಂದೇ: ಒಂದು ಕಡೆ ಸಣ್ಣ ತಪ್ಪು ಅಳಿಯುತ್ತದೆ, ಇನ್ನೊಂದು ಕಡೆ ಬೆಳೆಯುತ್ತದೆ.

ನೀವೇ ಪರೀಕ್ಷಿಸಿ ನೋಡಿ. ಹಲಗೆಯೊಂದರ ಒಂದು ತುದಿಗೆ ತಿರುಗದ ಎರಡು ಗಾಲಿಗಳನ್ನೂ, ಇನ್ನೊಂದು ತುದಿಗೆ ಎತ್ತ ಬೇಕಾದರೂ ಹೊರಳುವ ಒಂದು ಗಾಲಿಯನ್ನೂ ಜೋಡಿಸಿ, ನಡುವೆ ಒಂದು ಕಲ್ಲನ್ನು ಕಟ್ಟಿ, ನುಣುಪಾದ ನೆಲದ ಮೇಲೆ ಜೋರಾಗಿ ತಳ್ಳಿರಿ. ಹೊರಳುವ ಗಾಲಿ ಮುಂದಿದ್ದರೆ ಹಲಗೆ ನೇರ ಓಡುವುದು. ಹಿಂದಿದ್ದರೆ ತಿರುಗಿ ನಿಲ್ಲುವುದು.

ಚಾಲಕನು ಓರೆಯನ್ನು ತಿದ್ದುವುದು ಮುಖ್ಯವಾಗಿ ಬಾಲದ ಚುಕ್ಕಾಣಿಯಿಂದ. ಅದು ಗಾಳಿಯನ್ನು ನಂಬಿದ ಸಾಧನ. ವೇಗ ಇಳಿದಂತೆ ಅದರ ಹಿಡಿತವೂ ಸಡಿಲುತ್ತದೆ. "ಇನ್ನೇನು ಇಳಿದಾಯಿತು" ಎಂದು ಮೈಮರೆಯುವ ಗಳಿಗೆಯೇ ಅಪಾಯದ ಗಳಿಗೆ. ಆದುದರಿಂದಲೇ ವಿಮಾನವು ಪೂರ್ತಿಯಾಗಿ ನಿಲ್ಲುವವರೆಗೆ ಹಾರಾಟ ಮುಗಿಯಲಿಲ್ಲವೆಂದು ಹಳಬರು ಹೊಸಬರಿಗೆ ಹೇಳುತ್ತ ಬಂದಿದ್ದಾರೆ.